ಕಮಲಾಪುರದ ತೋಟದಲ್ಲಿ ಕಳೆದುಹೋದ ಮೂರನೇ ವಾಲ್ವ್

ಮೊದಲೇ ಹೇಳಿಬಿಡುತ್ತೇನೆ: ಆ ವಾಲ್ವ್ ಕಳೆದದ್ದು ನನ್ನಿಂದ. ನಮ್ಮ ಅಂಗಡಿಯ ಮಾಲಕರು ತಪ್ಪನ್ನು ತೋಟದವರ ಮೇಲೆ ಹಾಕಿದರು, ತೋಟದವರು ಮಣ್ಣಿನ ಮೇಲೆ ಹಾಕಿದರು, ನಾನೂ ಅರ್ಧ ದಿನ ವಾಲ್ವ್ ಮಾಡಿದ ಕಂಪನಿಯ ಮೇಲೆ ಹಾಕಿ ನೋಡಿದೆ. ಯಾವುದೂ ನಿಲ್ಲಲಿಲ್ಲ.

ಆದದ್ದಿಷ್ಟು. ನಾನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹನಿ ನೀರಾವರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಮಲಾಪುರದ ಒಂದು ಕೆಂಪು ಬಾಳೆಯ ತೋಟಕ್ಕೆ ಆಟೋಮ್ಯಾಟಿಕ್ ವ್ಯವಸ್ಥೆ ಕೂಡಿಸಲು ಹೋಗಿದ್ದೆವು. ತೋಟವನ್ನು ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಗೂ ನೆಲದಡಿ ಒಂದು ಸೊಲೆನಾಯ್ಡ್ ವಾಲ್ವ್. ಅದರ ತಲೆಯ ಮೇಲೊಂದು ತಾಮ್ರದ ತಂತಿಯ ಸುರುಳಿ ಇರುತ್ತದೆ. ಪಂಪಿನ ಮನೆಯಲ್ಲಿರುವ ಡಬ್ಬಿಯಿಂದ ಇಪ್ಪತ್ನಾಲ್ಕು ವೋಲ್ಟ್ ಬಂದರೆ ಸುರುಳಿ ಅಯಸ್ಕಾಂತವಾಗಿ ವಾಲ್ವ್ ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಯಾರೂ ಹೋಗಿ ತಿರುವಬೇಕಿಲ್ಲ. ವಾಲ್ವ್ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಮಾಡುವುದು ನನ್ನ ಕೆಲಸ.

ಮೂರನೇ ವಾಲ್ವ್ ಹುಗಿಯುವ ಹೊತ್ತಿಗೆ ಅಳತೆಯ ಟೇಪು ಟೆಂಪೋದಲ್ಲಿತ್ತು, ಟೆಂಪೋ ದೂರದ ರಸ್ತೆಯ ಮೇಲಿತ್ತು, ಬಿಸಿಲು ನೆತ್ತಿಯ ಮೇಲಿತ್ತು. ಹೆಜ್ಜೆಯಲ್ಲೇ ಅಳೆದೆ. ಅಳೆದದ್ದೇನೋ ಸರಿ, ಆದರೆ ನನ್ನ ಹೆಜ್ಜೆಯಲ್ಲಿ ಅಳೆಯಬೇಕಿತ್ತು. ಕೂಲಿಯವರು ನಗಲಿ ಎಂದು ಮಾಲಕರ ಹಾಗೆ ನಡೆದೆ. ಹೊಟ್ಟೆ ಮುಂದೆ, ಕೈ ಬೆನ್ನ ಹಿಂದೆ, ಮೂರು ಪುಟ್ಟ ಹೆಜ್ಜೆ, ಒಂದು ದೊಡ್ಡ ಹೆಜ್ಜೆ, ನಡುನಡುವೆ ನಿಂತು ಗಂಟಲು ಸರಿಮಾಡಿಕೊಂಡು "ಕ್ವಾಲಿಟಿ ನೋಡ್ರೀ, ಕ್ವಾಲಿಟಿ." ಕೂಲಿಯವರು ಗುದ್ದಲಿ ಬಿಟ್ಟು ನಕ್ಕರು. ನನಗೂ ಹುಮ್ಮಸ್ಸು ಬಂದು ಹೆಜ್ಜೆ ಇನ್ನಷ್ಟು ಕುಣಿದವು. ಕೊನೆಗೆ ನಕ್ಷೆಯಲ್ಲಿ ಬರೆದೆ: ಬಾವಿಯ ಮೂಲೆಯಿಂದ ನಲವತ್ತಾರು ಹೆಜ್ಜೆ, ಬಲಕ್ಕೆ ಹತ್ತೊಂಬತ್ತು, ಮೂರನೇ ಸಾಲಿನ ನಾಲ್ಕನೇ ಗಿಡದ ಬುಡ. ಯಾರ ಹೆಜ್ಜೆ ಎಂದು ಬರೆಯಲಿಲ್ಲ.

ಎರಡು ವರ್ಷದ ಮೇಲೆ, ಏಪ್ರಿಲ್‌ನಲ್ಲಿ, ಕಮಲಾಪುರದಿಂದ ಅಂಗಡಿಗೆ ಫೋನು ಬಂತು. ಮೂರನೇ ಪಟ್ಟಿಗೆ ನೀರು ಬರುತ್ತಿಲ್ಲ.

ಆ ತೋಟ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬೇಸಾಯದ ಯಜಮಾನಿಕೆ ಅವರದೇ; ಆಳುಗಳೂ ನಾನೂ ಅವರನ್ನು ಅಮ್ಮ ಎನ್ನುತ್ತಿದ್ದೆವು. ಜತೆಗೆ ಮೈದುನ, ಗಂಡನ ತಮ್ಮ. ಟ್ರ್ಯಾಕ್ಟರ್ ಅವನದು, ಮಾತೂ ಅವನದೇ. ಹನಿ ನೀರಾವರಿ ಹಾಕಿಸಿದ್ದು ಅಮ್ಮನ ಹಟದಿಂದ. ಮೈದುನನಿಗೆ ಅದು ಮೊದಲ ದಿನದಿಂದಲೂ ಸೇರಿರಲಿಲ್ಲ.

ನಾನು ಬಸ್ಸಿಳಿದು ತೋಟ ಮುಟ್ಟುವಾಗ ಅವನು ಬದುವಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಪೈಪು ಕೊಯ್ಯುವ ಗರಗಸ.

"ಬಂದ್ರಲ್ಲ ಡಾಕ್ಟರ್ ಸಾಹೇಬ್ರು," ಎಂದ. "ನೀರಂದ್ರ ಕಣ್ಣಿಗಿ ಕಾಣಬೇಕು ತಮ್ಮಾ. ನಿಮ್ಮ ನೀರು ನೆಲದಾಗ ಬರ್ತದ, ನೆಲದಾಗ ಹೋಗ್ತದ. ಬಂದಿಲ್ಲಂತ ತಿಳಿಯೋದ್ರಾಗ ನಾಕು ದಿನ ಆಗ್ಯಾವ."

ಅದು ನಿಜವಾಗಿತ್ತು. ಒಣ ಎಲೆಯ ಹೊದಿಕೆಯಡಿ ಹನಿ ಬೀಳುತ್ತದೋ ಇಲ್ಲವೋ ಮೇಲಿಂದ ತಿಳಿಯದು. ಮೂರನೇ ಪಟ್ಟಿಯಲ್ಲಿ ಇನ್ನೂರ ಅರವತ್ತು ಗಿಡ, ಎಲ್ಲಕ್ಕೂ ಗೊನೆ ಬಿದ್ದಿತ್ತು, ಕಾಯಿ ತುಂಬುವ ಕಾಲ. ಎಲೆಗಳು ನಡುದಿಂಡಿನ ಎರಡೂ ಕಡೆ ಮಡಚಿಕೊಂಡು ಕೈಮುಗಿದಂತೆ ಜೋತಿದ್ದವು. ಇಬ್ಬರು ಹೆಣ್ಣಾಳುಗಳು ಕೊಡದಲ್ಲಿ ನೀರು ಹೊತ್ತು ಬುಡಕ್ಕೆ ಸುರಿಯುತ್ತಿದ್ದರು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮುಟ್ಟುವಷ್ಟರಲ್ಲಿ ಮೊದಲ ಗಿಡ ಮತ್ತೆ ಒಣಗುತ್ತಿತ್ತು.

"ನಾಳೆ ಒಂದು ದಿನ ನೋಡ್ತೀನಿ ವೈನಿ," ಮೈದುನ ಅತ್ತಿಗೆಗೆ ಹೇಳಿದ. "ನಾಡಿದ್ದು ಸಂಜೀಕ ದೊಡ್ಡ ಪೈಪಿಗಿ ಗರಗಸ ಹಚ್ಚಿ ಕಾಲುವಿಗಿ ನೀರು ಬಿಡ್ತೀನಿ. ನಿಮ್ಮ ಯಂತ್ರ ಉಳೀಲಿ ಹೋಗಲಿ."

ಅಮ್ಮ ನನ್ನನ್ನು ನೋಡಿ, "ನಾಡಿದ್ದು ಸಂಜಿಮಟ ಟೈಮ್ ಅದ ನಿನಗ," ಎಂದರು.

ದೊಡ್ಡ ಪೈಪು ಕೊಯ್ದರೆ ಉಳಿದ ಮೂರು ಪಟ್ಟಿಗೂ ಒತ್ತಡ ಹೋಗುತ್ತದೆ, ಇಡೀ ವ್ಯವಸ್ಥೆ ಸತ್ತಂತೆ. ಗಿಡಗಳೂ ಅಮ್ಮನ ಹಟವೂ ಒಂದೇ ಗರಗಸದ ಕೆಳಗೆ ಬಂದಿದ್ದವು.

ಪಂಪಿನ ಮನೆಯ ಡಬ್ಬಿ ಬಿಚ್ಚಿ ಮೀಟರ್ ಹಚ್ಚಿದೆ. ಒಂದು, ಎರಡು, ನಾಲ್ಕನೇ ವಾಲ್ವಿನ ತಂತಿ ಮೂವತ್ತೈದು ಓಮ್ ತೋರಿಸಿದವು. ಮೂರನೆಯದೂ ಮೂವತ್ತೈದೇ. ಅಂದರೆ ತಂತಿ ಕಡಿದಿಲ್ಲ, ಸುರುಳಿ ಸುಟ್ಟಿಲ್ಲ. ವಿದ್ಯುತ್ತು ಹೋಗಿ ಮುಟ್ಟುತ್ತಿದೆ, ವಾಲ್ವ್ ಮಾತ್ರ ಬಾಯಿ ತೆರೆಯುತ್ತಿಲ್ಲ. ಒಳಗೆ ಏನೋ ಸಿಕ್ಕಿಕೊಂಡಿದೆ. ಬಿಚ್ಚಿ ತೊಳೆದರೆ ಹತ್ತು ನಿಮಿಷದ ಕೆಲಸ. ಬಿಚ್ಚಲು ಅದು ಸಿಗಬೇಕು.

ನಕ್ಷೆ ತೆಗೆದು ನಡೆದೆ. ನಲವತ್ತಾರು, ಹತ್ತೊಂಬತ್ತು. ಮುಟ್ಟಿದ್ದು ಎರಡನೇ ಪಟ್ಟಿಯ ಕಟ್ಟೆಗೆ. ಮತ್ತೆ ನಡೆದೆ. ಆಗ ನೆನಪಾಯಿತು, ಅದು ನನ್ನ ಹೆಜ್ಜೆಯಲ್ಲ. ಬೇರೆ ದಾರಿಯಿಲ್ಲದೆ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಮಾಲಕರಾಗಿ ನಡೆದೆ. ಒಂದು ಸಲ ಒಂದು ಕಡೆ ನಿಂತೆ, ಇನ್ನೊಂದು ಸಲ ಹನ್ನೆರಡು ಅಡಿ ಆಚೆ.

"ಇದೇನು ಕುಣಿಯಾಕತ್ತೀದಿ?" ಎಂದರು ಅಮ್ಮ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಮೈದುನ ಹೊಟ್ಟೆ ಹಿಡಿದು ನಕ್ಕ, ಇನ್ನೊಮ್ಮೆ ಮಾಡಿ ತೋರಿಸು ಎಂದ. ಅಮ್ಮ ನಗಲಿಲ್ಲ. "ಗಿಡ ಎಣಿಸಿ ಬರ್ದೀಯಲ್ಲ, ಅದನ್ನರ ನೋಡು," ಎಂದರು. ಹೇಳಿದ ಮರುಗಳಿಗೆ ಅವರೇ ತಲೆ ಅಲ್ಲಾಡಿಸಿದರು. ಬಾಳೆ ಇದ್ದಲ್ಲಿ ಇರುವ ಗಿಡವಲ್ಲ. ತಾಯಿಗಿಡ ಕಡಿದ ಮೇಲೆ ಪಕ್ಕದ ಮರಿ ಬೆಳೆಯುತ್ತದೆ, ಅದು ಕಡಿದ ಮೇಲೆ ಅದರ ಪಕ್ಕದ ಮರಿ. ಎರಡು ಬೆಳೆಯಲ್ಲಿ ಬುಡ ಒಂದೆರಡು ಅಡಿ ಸರಿದಿರುತ್ತದೆ, ಎಲ್ಲ ಗಿಡವೂ ಒಂದೇ ಕಡೆಗಲ್ಲ. ನಾನು ಗುರುತಿಗೆ ಹಿಡಿದ ಹೆಜ್ಜೆಯೂ ಸುಳ್ಳು, ಗಿಡವೂ ನಡೆದುಹೋಗಿತ್ತು. ವಾಲ್ವಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬುಡಕ್ಕೇರಿಸಿದ ಮಣ್ಣು, ಒಣ ಎಲೆ, ಕೆರೆಯ ಗೋಡುಮಣ್ಣು, ಒಂದೂವರೆ ಅಡಿ.

ಅಂದು ಮಧ್ಯಾಹ್ನ ಎರಡು ಕಡೆ ಅಗೆದೆವು. ಬೇಸಿಗೆಯ ಕೆಂಪು ನೆಲ ಗುದ್ದಲಿಯನ್ನು ಒದ್ದು ಕಳಿಸುತ್ತದೆ. ಸಲಾಕೆ ಚುಚ್ಚಿ ನೋಡೋಣವೆಂದರೆ ಎಲ್ಲೆಲ್ಲೂ ಮುರ್ರಂ ಕಲ್ಲು, ಕಲ್ಲಲ್ಲದಿದ್ದಲ್ಲಿ ಪೈಪು ತೂತಾಗುವ ಹೆದರಿಕೆ. ಎರಡೂ ಗುಂಡಿಯಲ್ಲಿ ಬಾಳೆಯ ಬೇರು ಬಿಟ್ಟರೆ ಏನೂ ಸಿಗಲಿಲ್ಲ. ಕಡಿದ ಬೇರುಗಳನ್ನು ಅಮ್ಮ ಎತ್ತಿ ನೋಡಿ ಬದುವಿನ ಮೇಲಿಟ್ಟರು.

ಸಂಜೆ ಮಹಾಗಾಂವದ ಕ್ರಾಸಿನವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ಒಂದು ಸೀಟಿನ ಮೂಲೆ ಸಿಕ್ಕು ಊರಿಗೆ ಬಂದೆ. ಕಂಡಕ್ಟರನ ಧ್ವನಿ ತೆಗೆದು ಬಸ್ಸನ್ನೇ ನಗಿಸುತ್ತಿದ್ದ ನಾನು ಅಂದು ಟಿಕೇಟು ಕೇಳಲೂ ಬಾಯಿ ಬಿಡಲಿಲ್ಲ. ಬೆರಳಲ್ಲಿ ತೋರಿಸಿದೆ.

ಸ್ಟೇಶನ್ ಬಜಾರದ ಗಲ್ಲಿಯಲ್ಲಿ ರೇಡಿಯೋ ರಿಪೇರಿಯ ಒಬ್ಬ ಹಿರಿಯರಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಸಮಸ್ಯೆ ಹೇಳಿದೆ: ನೆಲದಡಿ ಒಂದು ಸುರುಳಿ ಇದೆ, ಅದರಲ್ಲಿ ಕರೆಂಟು ಹರಿಸಬಲ್ಲೆ, ಉಳಿದದ್ದೆಲ್ಲ ಪ್ಲಾಸ್ಟಿಕ್. ಮೇಲಿಂದ ಹುಡುಕಬೇಕು.

"ಅರೆ, ಸುರುಳಿ ಅದ ಅಂದ್ರ ಅದು ಮಾತಾಡ್ತದ ಮಿಯಾಂ," ಎಂದರು ಚಾಚಾ. "ಕೇಳೋ ಕಿವಿ ಬೇಕು, ಬಸ್."

ಒಂದು ಹಳೆಯ ರಿಲೇ ಒಡೆದು ಒಳಗಿನ ಸುರುಳಿ ತೆಗೆದರು. ಕೂದಲಿನಷ್ಟು ತೆಳುವಾದ ತಂತಿ, ಸಾವಿರಾರು ಸುತ್ತು, ನಡುವೆ ಕಬ್ಬಿಣದ ತುಂಡು. ಅದರ ಎರಡು ತುದಿಗೆ ಜಾಲರಿ ಹೊದಿಕೆಯ ವಾಯರು ಬೆಸೆದು, ಇನ್ನೊಂದು ಕೊನೆಗೆ ಮಿಮಿಕ್ರಿ ತುಂಬಿಕೊಳ್ಳಲು ನಾನು ಇಟ್ಟುಕೊಂಡಿದ್ದ ಟೇಪ್ ರೆಕಾರ್ಡರಿನ ಮೈಕ್ ತೂತಿಗೆ ಹೊಂದುವ ಪಿನ್ನು ಹಾಕಿದರು. ರೆಕಾರ್ಡಿನ ಗುಂಡಿ ಒತ್ತಿ ಹೆಡ್‌ಫೋನ್ ಹಚ್ಚಿಕೊಂಡು ಸುರುಳಿಯನ್ನು ಟೇಬಲ್ ಫ್ಯಾನಿನ ಹತ್ತಿರ ಒಯ್ದರೆ ಗುಂಯ್ ಎಂದು ಕಿವಿ ತುಂಬಿತು. ಬದಲಾಗುವ ಕರೆಂಟು ಎಲ್ಲಿದ್ದರೂ ಅದರ ಸುತ್ತ ಅಯಸ್ಕಾಂತದ ಕ್ಷೇತ್ರ ನಡುಗುತ್ತದೆ. ನಡುಕ ಈ ಸುರುಳಿಯಲ್ಲಿ ಚೂರು ವಿದ್ಯುತ್ತಾಗುತ್ತದೆ. ರೆಕಾರ್ಡರು ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ನಾನು ಅಲ್ಲೇ ಗೆದ್ದೆ ಎಂದುಕೊಂಡೆ.

"ತೋಟದಾಗ ಕರೆಂಟಿನ ತಂತಿ ಎಷ್ಟವ?" ಎಂದು ಚಾಚಾ ಕೇಳಿದರು.

"ಇರ್ತಾವ್ರೀ ನಾಕೈದು," ಎಂದು ಹೊರಟುಬಿಟ್ಟೆ. ಯಾಕೆ ಕೇಳಿದರು ಎಂದು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಮೂರನೇ ವಾಲ್ವಿಗೆ ಕರೆಂಟು ಕೊಟ್ಟು, ಸುರುಳಿಯನ್ನು ಕೋಲಿನ ತುದಿಗೆ ಕಟ್ಟಿ, ಹೆಡ್‌ಫೋನ್ ಹಾಕಿಕೊಂಡು ಸಾಲುಗಳಲ್ಲಿ ಇಳಿದೆ. ಗುಂಯ್. ಎರಡು ಹೆಜ್ಜೆ ಹೋದೆ, ಗುಂಯ್. ತೋಟದ ಆ ತುದಿಗೂ ಗುಂಯ್, ಈ ತುದಿಗೂ ಗುಂಯ್. ಮೇಲೆ ಹೈಟೆನ್ಶನ್ ಲೈನು ಹಾದುಹೋಗಿತ್ತು, ಬದುವಿನ ಮೇಲೆ ಪಂಪಿನ ಮೂರು ತಂತಿ. ಅವೆಲ್ಲವೂ ಅದೇ ಐವತ್ತು ಸೈಕಲ್ಲಿನ ರಾಗ. ನನ್ನ ವಾಲ್ವೂ ಅದೇ ರಾಗ. ಜಾತ್ರೆಯಷ್ಟು ಜನ ಒಂದೇ ಪದ ಹಾಡುವಾಗ ಒಬ್ಬನ ಧ್ವನಿ ಹೆಕ್ಕಬೇಕಾಗಿತ್ತು. ನಾಲ್ಕು ಜನರ ಧ್ವನಿ ತೆಗೆಯುವ ಮಿಮಿಕ್ರಿ ಕಲಾವಿದನೆಂಬ ಜಂಬ ನನಗೆ. ಆ ದಿನ ನನ್ನ ಕಿವಿಗೆ ಕತ್ತೆಯ ಕಿವಿಯಷ್ಟೂ ಬೆಲೆ ಇರಲಿಲ್ಲ.

ಆದರೂ ಒಂದು ಕಡೆ ಸದ್ದು ಜೋರು ಎನಿಸಿತು. "ಇಲ್ಲಿ!" ಎಂದು ಕೂಗಿದೆ. ಅಗೆದರು. ಎರಡೂವರೆ ಅಡಿ ಇಳಿದ ಮೇಲೆ ಸಿಕ್ಕಿದ್ದು ಯಾವ ಕಾಲದಲ್ಲೋ ಹುಗಿದ ಒಂದು ಕಬ್ಬಿಣದ ಪೈಪಿನ ತುಂಡು. ಮೇಲಿನ ಲೈನಿನ ನಡುಕವನ್ನು ಅದು ತನ್ನ ಕಡೆ ಎಳೆದುಕೊಂಡಿತ್ತು.

"ಅಡ್ಡಿಯಿಲ್ಲ," ಎಂದ ಮೈದುನ, ಪೈಪು ಎತ್ತಿ ಹಿಡಿದು. "ಇನ್ನೆರಡು ದಿನ ಬಿಟ್ರ ಬಹಮನಿ ಸುಲ್ತಾನನ ಖಜಾನಾನೂ ತೆಗೀತಾನ."

ಇದರ ನಡುವೆ ಇನ್ನೊಂದು. ರೆಕಾರ್ಡಿನ ಗುಂಡಿಯ ಜತೆ ಪಾಜ್ ಗುಂಡಿ ಒತ್ತಲು ಮರೆತಿದ್ದೆ. ಒಳಗಿದ್ದ ಕ್ಯಾಸೆಟ್ಟಿನಲ್ಲಿ ಎರಡು ವರ್ಷದ ನನ್ನ ಮಿಮಿಕ್ರಿ ಇತ್ತು. ಮಾಲಕರು, ಅವರ ಮುನೀಮರು, ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆ ಮೇಲಿನ ಟ್ಯೂಶನ್ ಮಾಸ್ತರರು, ಎಲ್ಲರೂ ಅಳಿಸಿಹೋಗಿ ಒಂದೇ ಗುಂಯ್ ತುಂಬಿಕೊಂಡಿತ್ತು. ಬೇಜಾರಾಗಲು ಕೂಡ ಶಕ್ತಿ ಉಳಿದಿರಲಿಲ್ಲ. ಅಗೆದ ಗುಂಡಿಯ ಅಂಚಿನಲ್ಲಿ ಕೂತೆ. ಅಮ್ಮ ಒಂದು ಚೊಂಬು ಮಜ್ಜಿಗೆ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಅಂದು ರಾತ್ರಿ ಊರಿಗೆ ಹೋಗಲೂ ಆಗದೆ ಪಂಪಿನ ಮನೆಯಲ್ಲೇ ಮಲಗಿದೆ.

ಮೂರನೇ ದಿನ. ಸಂಜೆ ಗರಗಸ. ಬೆಳಿಗ್ಗೆಯಿಂದ ಅದೇ ಸಾಲುಗಳಲ್ಲಿ ಅದೇ ಗುಂಯ್ ಕೇಳುತ್ತ ನಡೆದೆ. ಕೆಳಗಿನ ಎಲೆ ಹಳದಿ ತಿರುಗುತ್ತಿದ್ದವು. ಹನ್ನೆರಡಕ್ಕೆ ದಿನದ ವಾಡಿಕೆಯಂತೆ ಲೋಡ್ ಶೆಡ್ಡಿಂಗ್ ಆಯಿತು. ಮೂರರವರೆಗೆ ಇಡೀ ಭಾಗಕ್ಕೆ ಕರೆಂಟಿಲ್ಲ.

ಹಿಂದಿನ ದಿನ ಆ ಹೊತ್ತಿಗೆ ಹೆಡ್‌ಫೋನ್ ತೆಗೆದಿಟ್ಟು ಗುಂಡಿ ಅಗೆಸುವುದರಲ್ಲಿದ್ದೆ, ಈ ದಿನ ಇನ್ನೂ ತೆಗೆದಿರಲಿಲ್ಲ. ಕಿವಿಯಲ್ಲಿ ಏನೂ ಇಲ್ಲ. ಎರಡು ದಿನದಲ್ಲಿ ಮೊದಲ ಬಾರಿಗೆ ಇಡೀ ತೋಟ ಬಾಯಿ ಮುಚ್ಚಿಕೊಂಡಿತ್ತು. ಚಾಚಾ ತಂತಿ ಎಷ್ಟಿವೆ ಎಂದು ಕೇಳಿದ್ದು ಆಗ ತಲೆಗೆ ಹೋಯಿತು. ಊರ ಕರೆಂಟು ಇದ್ದಾಗ ಹುಡುಕಿದ್ದೇ ತಪ್ಪು. ಅದು ಹೋದಾಗ ಹುಡುಕಬೇಕು, ವಾಲ್ವಿಗೆ ಮಾತ್ರ ಬ್ಯಾಟರಿಯಿಂದ ಕರೆಂಟು ಕೊಡಬೇಕು. ಬ್ಯಾಟರಿಯ ಕರೆಂಟು ನಡುಗುವುದಿಲ್ಲ, ಹಾಗಾಗಿ ಸದ್ದಿಲ್ಲ. ಅದನ್ನು ಹಚ್ಚಿ ಆರಿಸುತ್ತಿರಬೇಕು. ಪ್ರತಿ ಸಲ ಕಡಿದಾಗ ಒಂದು ಟಿಕ್. ತಾನಾಗಿ ಹಚ್ಚಿ ಆರಿಸುವ ಸಾಮಾನು ಆ ತೋಟದಲ್ಲಿ ಒಂದೇ ಇತ್ತು: ಟ್ರ್ಯಾಕ್ಟರಿನ ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರ್ ಡಬ್ಬಿ. ಟ್ರ್ಯಾಕ್ಟರ್ ಮೈದುನನದು.

"ನನ್ನ ಟ್ರ್ಯಾಕ್ಟರ್ ಬಿಚ್ಚತೀಯಾ?" ಎಂದ ಅವನು. "ವಾಲ್ವ್ ಕಳ್ದೀ, ಈಗ ಟ್ರ್ಯಾಕ್ಟರ್ ಬ್ಯಾರೆ ಕಳೀತೀಯೇನು?"

"ಸಂಜಿಮಟ ಮಾತು ಅದ," ಎಂದರು ಅಮ್ಮ. "ಬಿಚ್ಚಿ ಕೊಡು."

ಗೊಣಗುತ್ತಲೇ ಬಿಚ್ಚಿದ. ಬ್ಯಾಟರಿ, ಫ್ಲ್ಯಾಶರ್, ಅಲ್ಲಿಂದ ಮೂರನೇ ವಾಲ್ವಿನ ತಂತಿಗೆ ಜೋಡಿಸಿದೆ. ಫ್ಲ್ಯಾಶರ್ ಅಲುಗಲಿಲ್ಲ. ಮೈದುನನ ಮುಖದಲ್ಲಿ ನಗು ಮೂಡುತ್ತಿತ್ತು. ಅದಕ್ಕೆ ಬಲ್ಬಿನಷ್ಟು ಕರೆಂಟು ಹರಿದರೆ ಮಾತ್ರ ಬಿಸಿಯಾಗಿ ಮಿಡಿಯುತ್ತದೆ. ವಾಲ್ವ್ ಕುಡಿಯುವುದು ಅದರ ಕಾಲುಭಾಗವೂ ಅಲ್ಲ. ಇಂಡಿಕೇಟರಿನ ಬಲ್ಬನ್ನೇ ತೆಗೆದು ವಾಲ್ವಿನ ತಂತಿಗೆ ಸಮಾನಾಂತರವಾಗಿ ಕಟ್ಟಿದೆ. ಬಲ್ಬು ಹತ್ತಿತು, ಆರಿತು, ಹತ್ತಿತು.

ಸಾಲಿಗೆ ಇಳಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ, ಐದನೇ ಸಾಲು ದಾಟುವಾಗ, ಗೋಡೆಯಾಚೆ ಯಾರೋ ಉಗುರಿನಿಂದ ತಟ್ಟಿದ ಹಾಗೆ: ಟಿಕ್. ಟಿಕ್. ಮುಂದೆ ಹೋದರೆ ಜೋರು, ಪಕ್ಕಕ್ಕೆ ಹೋದರೆ ಸಣ್ಣದು. ಅದು ಪೈಪಿನ ತುಂಡಲ್ಲ, ಲೈನಲ್ಲ. ನನ್ನ ವಾಲ್ವಿನದೇ ಧ್ವನಿ.

ಎರಡು ಹೆಜ್ಜೆ ಅಗಲದ ಜಾಗದಲ್ಲಿ ಟಿಕ್ ಎಲ್ಲ ಕಡೆಯೂ ಜೋರಾಗಿಯೇ ಇತ್ತು. ಎಲ್ಲಿ ಅತಿ ಜೋರು ಎಂದು ಕಿವಿ ಹೇಳಲಾರದು. ಆದರೆ ಎಲ್ಲಿ ಸಾಯುತ್ತದೆ ಎಂದು ಹೇಳಬಲ್ಲದು. ಪೆಟ್ಟಿಗೆಯೊಳಗೆ ವಾಲ್ವಿನ ಸುರುಳಿ ನೆಟ್ಟಗೆ ನಿಂತಿರುತ್ತದೆ. ನನ್ನ ಸುರುಳಿಯನ್ನು ಅಡ್ಡ ಮಲಗಿಸಿ ಹಿಡಿದರೆ, ಸರಿಯಾಗಿ ಅದರ ನೆತ್ತಿಯ ಮೇಲೆ ಬಂದಾಗ ಸದ್ದು ಪೂರಾ ನಿಲ್ಲಬೇಕು. ನಾಲ್ಕು ಬೆರಳು ಅತ್ತಿತ್ತ ಸರಿದರೆ ಮತ್ತೆ ಬರಬೇಕು. ಹಾಗೇ ಆಯಿತು. ಪೂರ್ವ ಪಶ್ಚಿಮ ಒಮ್ಮೆ, ಉತ್ತರ ದಕ್ಷಿಣ ಒಮ್ಮೆ. ಎರಡೂ ಗೆರೆ ಕೂಡಿದ್ದು ಒಂದು ಬಾಳೆಯ ಬುಡದಲ್ಲಿ.

ಆ ಗಿಡಕ್ಕೆ ಒಳ್ಳೆಯ ಗೊನೆ ಇತ್ತು. ನೀರಿಲ್ಲದೆಯೂ ತಲೆಯೆತ್ತಿ ನಿಂತಿದ್ದ ಕೆಲವೇ ಗಿಡಗಳಲ್ಲಿ ಒಂದು. ಮರಿಯಿಂದ ಮರಿಗೆ ಸರಿಯುತ್ತ ಬಂದು ಪೆಟ್ಟಿಗೆಯ ಮೇಲೆಯೇ ಕಾಲೂರಿತ್ತು. ಅಗೆಯಬೇಕೆಂದರೆ ಅದನ್ನು ಕಡಿಯಬೇಕು. ಮೂರು ಗುಂಡಿ ಸುಳ್ಳು ತೋಡಿಸಿದವನು ನಾಲ್ಕನೇ ಸಲ ಯಾವ ಬಾಯಿಂದ ಹೇಳಲಿ?

"ಖರೇ ಇಲ್ಲೇ ಏನು?" ಎಂದರು ಅಮ್ಮ.

"ಇಲ್ಲೇ ಅದ ಅನಸ್ತದ್ರೀ."

"ಅನಸ್ತದ ಅಂದ್ರ ಗೊನಿ ಕಡೀಬೇಕೇನ್ ವೈನಿ?" ಎಂದ ಮೈದುನ. "ಈತನ ಅನಿಸಿಕಿಗಿ ಮೂರು ಗುಂಡಿ ಆಗ್ಯಾವ."

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಹೆಡ್‌ಫೋನ್ ತೆಗೆದು ಅಮ್ಮನ ಕೈಗೆ ಕೊಟ್ಟೆ. "ನನ್ನ ಮಾತು ಬಿಡ್ರೀ. ನೀವೇ ಕೇಳ್ರಿ. ಸದ್ದು ಎಲ್ಲಿ ನಿಂದರ್ತದ ನೋಡ್ರಿ."

ಅವರು ಸೆರಗು ಸರಿಸಿ ಅದನ್ನು ಕಿವಿಗೆ ಹಚ್ಚಿಕೊಂಡರು. ಕೋಲು ಹಿಡಿಯುವುದನ್ನು ತೋರಿಸಿ ನಾನು ದೂರ ಸರಿದೆ. ಮೊದಲ ಟಿಕ್‌ಗೆ ಅವರ ಕಣ್ಣು ಅರಳಿದವು. ನಿಧಾನಕ್ಕೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಕೈ ನಿಂತಿತು. ತಿರುಗಿ ಇನ್ನೊಂದು ದಿಕ್ಕಿನಿಂದ ಬಂದರು. ಮತ್ತೆ ಅಲ್ಲೇ ನಿಂತಿತು. ಅವರು ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, "ಕುಡುಗೋಲು ಕೊಡು," ಎಂದು ಹೆಣ್ಣಾಳಿಗೆ ಹೇಳಿದರು. ಗಿಡವನ್ನು ಅವರೇ ಕಡಿದರು. ಗೊನೆ ನೆಲಕ್ಕೆ ಬೀಳದಂತೆ ಎದೆಗೊತ್ತಿ ಹಿಡಿದು ಕೆಳಗಿಳಿಸಿದರು.

ಬುಡ ಕಿತ್ತು ಒಂದೂವರೆ ಅಡಿ ಮಣ್ಣು ತೆಗೆದ ಮೇಲೆ ಗುದ್ದಲಿಗೆ ಟೊಳ್ಳು ಸದ್ದು. ಹಸಿರು ಮುಚ್ಚಳ. ನನಗೆ ಕೂಗಬೇಕೆನಿಸಿತು, ಯಾರ ಧ್ವನಿಯಲ್ಲಿ ಎಂದು ಹೊಳೆಯಲಿಲ್ಲ; ಮುಚ್ಚಳ ಎತ್ತಿದೆ.

ವಾಲ್ವಿನ ತಲೆ ಬಿಚ್ಚಿದೆ. ಒಳಗಿನ ನೀರು ಹೊರಹೋದರೆ ಮಾತ್ರ ವಾಲ್ವ್ ತೆರೆಯುತ್ತದೆ, ಅದು ಹೋಗುವ ದಾರಿ ಸೂಜಿಯ ಕಣ್ಣಿನಷ್ಟಿರುತ್ತದೆ. ಬಾವಿಯ ಗಡುಸು ನೀರಿನ ಸುಣ್ಣ ಅದರಲ್ಲಿ ಹಲ್ಲಿನ ಹಾಗೆ ಕಟ್ಟಿತ್ತು. ಅಮ್ಮ ಸೆರಗಿನ ಪಿನ್ನು ತೆಗೆದು ಕೊಟ್ಟರು. ಕೆರೆದೆ, ಊದಿದೆ, ರಬ್ಬರಿನ ಹಾಳೆ ತೊಳೆದು ಕೂಡಿಸಿದೆ. ಎರಡೂವರೆಗೆ ಕೆಲಸ ಮುಗಿಯಿತು. ಕರೆಂಟಿಗೆ ಇನ್ನೂ ಅರ್ಧ ತಾಸು. ಆ ಅರ್ಧ ತಾಸು ಎರಡು ದಿನಕ್ಕಿಂತ ಉದ್ದವಿತ್ತು.

ಮೂರಕ್ಕೆ ಪಂಪು ಗುಡುಗಿತು. ಡಬ್ಬಿಯಲ್ಲಿ ಮೂರನೇ ಗುಂಡಿ ಒತ್ತಿದೆ. ಹೊಸದಾಗಿ ಅಗೆದ ಗುಂಡಿಯೊಳಗಿಂದ ವಾಲ್ವ್ ಒಮ್ಮೆ ಕೆಮ್ಮಿ ಉಸಿರೆಳೆದುಕೊಂಡಿತು. ಅಮ್ಮ ಪಟ್ಟಿಯ ಕೊನೆಯ ಗಿಡದ ಬುಡದಲ್ಲಿ ಒಣ ಎಲೆ ಸರಿಸಿ ಕೂತಿದ್ದರು. ಗಾಳಿ ಬಂತು, ಗಾಳಿಯ ಹಿಂದೆ ಕೆಂಪು ನೀರು, ಅದರ ಹಿಂದೆ ತಿಳಿನೀರು, ಹನಿ, ಹನಿ. ಅವರು ಅಂಗೈ ಒಡ್ಡಿ ಹಿಡಿದು ಬಹಳ ಹೊತ್ತು ಹಾಗೇ ಕೂತರು. ಆ ಸಾಲಿನ ತುದಿಯಲ್ಲಿ ಹತ್ತಾರು ಗಿಡ ಮಾತ್ರ ಮೇಲೇಳಲಾರವು ಎಂದು ನೋಡಿದರೆ ತಿಳಿಯುತ್ತಿತ್ತು. ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

ಮೈದುನ ಫ್ಲ್ಯಾಶರನ್ನು ಜೇಬಿಗಿಳಿಸಿ, ಗರಗಸ ಇನ್ನೂ ಕೈಯಲ್ಲಿ ಹಿಡಿದೇ ಬಂದ. ಸೋತದ್ದನ್ನು ಒಪ್ಪುವ ಆಸಾಮಿಯಲ್ಲ.

"ಇವತ್ತು ಸಿಕ್ತು ವೈನಿ, ಖುಷಿ," ಎಂದ. "ನಾಳಿ ಇನ್ನೊಂದು ಕೈ ಕೊಡ್ತದ. ಆಗ ಮತ್ತ ಈ ನಾಟಕದವನ್ನ ಕರ್ಸೋದು, ಮತ್ತ ಒಂದು ಗೊನಿ ಕಡಿಯೋದು. ನನ್ನ ಮಾತು ಕೇಳ್ರಿ, ಇದನ್ನೆಲ್ಲಾ ಕಿತ್ತು ಒಗದು ಮೊದಲಿನಂಗ ಕಾಲುವಿ ಮಾಡೋಣ. ನೀರು ಹಾಯ್ಸೋದು ಏನು ದೊಡ್ಡ ಕೆಲಸ ಹೇಳ್ರಿ?"

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು ಎದ್ದು ನಿಂತರು. ಧ್ವನಿ ಏರಿಸಲಿಲ್ಲ.

"ಹನ್ನೆರಡು ವರ್ಷ ಅಪರಾತ್ರ್ಯಾಗ ಕರೆಂಟ್ ಬಂದಾಗೊಮ್ಮೆ ನೀರು ಹಾಯ್ಸಾಕ ಗುದ್ದಲಿ ಹಿಡಕೊಂಡು ಎದ್ದಾಕಿ ನಾನು. ಒಂದು ರಾತ್ರ್ಯಾರ ನಿನ್ನ ಹಾಸಿಗಿ ಖಾಲಿ ಇತ್ತೇನು?"